ಹಳೆಯ ಗಣಕಯಂತ್ರಕ್ಕೆ ಕಾಣದ ಹೊಸ ಡಿಸ್ಕು

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಯ ಓದುಕೋಣೆಯಲ್ಲಿ 2004ರಲ್ಲಿ ಕೊಂಡ ಗಣಕಯಂತ್ರವೊಂದು ಇಂದಿಗೂ ನಡೆಯುತ್ತಿದೆ ಎಂದರೆ ಬಂದವರು ನಗುತ್ತಾರೆ. ನಗಲಿ. ಅದನ್ನು ಇಟ್ಟುಕೊಂಡಿರುವುದು ಬರಿಯ ಅಭಿಮಾನದಿಂದಲ್ಲ. ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಗುರುಗಳು ನಮಗೆ ತಾಳೆಗರಿ ಓದುವ ಅಭ್ಯಾಸ ಮಾಡಿಸಿದ್ದರು. ಆ ವಿದ್ಯೆಯ ಬಲದಿಂದ ಮುಂದೆ ಅನೇಕ ಭಕ್ತರ ಮನೆಗಳಿಗೆ ಹೋಗಿ, ಜಂತಿಯ ಮೇಲೆ ಹೊಗೆ ಹಿಡಿದು ಕುಳಿತಿದ್ದ ಸ್ವರವಚನಗಳ ಕಟ್ಟುಗಳನ್ನು ಬಿಚ್ಚಿಸಿ, ಓದಿ, ಈ ಯಂತ್ರದಲ್ಲಿ ಬೆರಳಚ್ಚು ಮಾಡಿದೆವು. ಅವುಗಳಲ್ಲಿ ಒಂದು ಮನೆಯ ಕಟ್ಟು ಆಮೇಲೆ ಗೆದ್ದಲಿಗೆ ಆಹುತಿಯಾಯಿತು. ನಾವು ಅಚ್ಚು ಹಾಕಿಸಿದ್ದ ಪ್ರತಿಯನ್ನು ಎರವಲು ಒಯ್ದವರು ಹಿಂದಿರುಗಿಸಲಿಲ್ಲ. ಎರಡು ಸಿ.ಡಿ.ಗಳಲ್ಲಿ ತುಂಬಿಸಿ ಇಟ್ಟಿದ್ದೆವು. ಕರಾವಳಿಯ ಮಳೆಗಾಲ ಅವುಗಳ ಮೇಲೆ ಬೂಷ್ಟು ಹಿಡಿಸಿತು. ಹೀಗಾಗಿ ಆ ಪಾಠ ಉಳಿದಿದ್ದುದು ಯಂತ್ರದೊಳಗಿನ 40 ಜಿ.ಬಿ. ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಕಳೆದ ಮಳೆಗಾಲದಲ್ಲಿ ಆ ಡಿಸ್ಕು ಕಟಕಟ ಸದ್ದು ಮಾಡತೊಡಗಿತು. ಅದರ ಆಯುಷ್ಯ ಮುಗಿಯುತ್ತ ಬಂದಿರುವುದಕ್ಕೆ ಇದು ಲಕ್ಷಣ. ನಗರದ ಅಂಗಡಿಯೊಂದರಿಂದ 500 ಜಿ.ಬಿ.ಯ ಹೊಸ ಡಿಸ್ಕು ತರಿಸಿ ಪಕ್ಕದಲ್ಲಿಯೇ ಕೂರಿಸಿದೆವು. ಯಂತ್ರ ಎಂದಿನಂತೆ ಎದ್ದಿತು. ಹೊಸಬನ ಸುಳಿವೇ ಅದಕ್ಕೆ ಇಲ್ಲ. ಅಂಗಡಿಯವರು ಬಂದು ಎರಡು ಸಲ ತೆಗೆದು ಹಾಕಿ, "ಈ ಮದರ್‌ಬೋರ್ಡಿಗೆ ಇದು ಹಿಡಿಸುವುದಿಲ್ಲ ಸರ್, ಹೊಸ ಮಷಿನ್ ತೆಗೊಳ್ಳಿ, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಿ" ಎಂದರು. ಆ ಮಾತಿಗೆ ನಾವು ತಲೆಯಾಡಿಸುವವರೇ ಇದ್ದೆವು. ಕೊಟ್ಟಿದ್ದರೆ ಪೆಟ್ಟಿಗೆಯ ಸಂಗಡ ಪಾಠವೂ ಹೋಗುತ್ತಿತ್ತು.

ನೆರೆಮನೆಯ ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಆಕೆಯನ್ನು ಕರೆದು, "ನೋಡವ್ವ, ಡಿಸ್ಕು ಕಾಣಿಸವಲ್ಲದು" ಎಂದೆವು. ಆಕೆ ಕೇಳಿದ ಮೊದಲ ಪ್ರಶ್ನೆ ಇದು: "ಯಾರಿಗೆ ಕಾಣುವುದಿಲ್ಲ ಅಜ್ಜ? ಬಯೋಸಿಗೋ, ವಿಂಡೋಸಿಗೋ?"

ಈ ಪ್ರಶ್ನೆ ನಮ್ಮನ್ನು ಐವತ್ತು ವರ್ಷ ಹಿಂದಿನ ತರ್ಕದ ಪಾಠಕ್ಕೆ ಒಯ್ದಿತು. ಶಾಸ್ತ್ರಕಾರರಲ್ಲಿ ಭಾಟ್ಟ ಮೀಮಾಂಸಕರು ಅನುಪಲಬ್ಧಿಯೆಂಬ ಪ್ರಮಾಣವನ್ನು ಒಪ್ಪುತ್ತಾರೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದು. ಆದರೆ ಅದಕ್ಕೊಂದು ಕಟ್ಟಳೆಯುಂಟು: ವಸ್ತು ಇದ್ದಿದ್ದರೆ ಕಂಡೇ ತೀರಬೇಕಾಗಿದ್ದ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಮೊದಲು ದೀಪ ತರಬೇಕು. ಅಂಗಡಿಯವರು ದೀಪ ತರದೆಯೇ ತೀರ್ಪು ಹೇಳಿದ್ದರು. ನಾವೂ ನಂಬಿದ್ದೆವು. ಅಷ್ಟು ವರ್ಷ ಕಲಿತದ್ದು ಬೇಕಾದ ಹೊತ್ತಿಗೆ ನೆನಪಾಗದೆ ಹೋದುದಕ್ಕೆ ನಮಗೆ ನಾಚಿಕೆಯಾಯಿತು.

ಆಕೆ ಮಾಡಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇವೆ. ನಮ್ಮ ಓದುಗರ ಮನೆಗಳಲ್ಲಿ ಲೆಕ್ಕಪತ್ರ, ಮದುವೆಯ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿ ತುಂಬಿಕೊಂಡ ಹಳೆಯ ಯಂತ್ರಗಳು ಅಟ್ಟದ ಮೇಲೆ ಇನ್ನೂ ಇವೆಯೆಂದು ಬಲ್ಲೆವು.

ಮೊದಲು ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಳು. ಅನಂತರ ಹಳೆಯ ಡಿಸ್ಕಿನ ಎರಡೂ ಕೇಬಲ್ ಕಳಚಿ ಬದಿಗಿಟ್ಟಳು. ಪರೀಕ್ಷೆಗೆಂದು ಯಂತ್ರವನ್ನು ಹತ್ತು ಸಲ ಎಬ್ಬಿಸಬೇಕಾಗುತ್ತದೆ. ಕಾಯಿಲೆಯ ಡಿಸ್ಕನ್ನು ಪ್ರತಿಸಲವೂ ತಿರುಗಿಸುವುದು ಬೇಡವೆಂಬುದು ಅವಳ ವಾದ. ಇಂತಹ ವಿವೇಕವನ್ನು ನಾವು ವೈದ್ಯರಲ್ಲಿ ಕಂಡಿದ್ದೇವೆ. ಆಮೇಲೆ ಹೊಸ ಡಿಸ್ಕಿಗೆ ವಿದ್ಯುತ್ತು ಕೊಟ್ಟು ಅದರ ಮೈಮೇಲೆ ಕೈಯಿಡಿಸಿದಳು. ಒಳಗಿನ ತಟ್ಟೆ ತಿರುಗುತ್ತಿದ್ದರೆ ಸಣ್ಣ ಕಂಪನ ತಿಳಿಯುತ್ತದೆ. ಕಂಪನವಿಲ್ಲದಿದ್ದರೆ ದೋಷವನ್ನು ವಿದ್ಯುತ್ತಿನ ಹಾದಿಯಲ್ಲಿ ಹುಡುಕಬೇಕು. ಹಳೆಯ ಎಸ್.ಎಂ.ಪಿ.ಎಸ್. ಪೆಟ್ಟಿಗೆಗಳಲ್ಲಿ ನಾಲ್ಕು ಕಡ್ಡಿಯ ದಪ್ಪ ಕೊಂಡಿಗಳಷ್ಟೇ ಇರುತ್ತವೆ. ಇಂದಿನ ಸಾಟಾ ಡಿಸ್ಕಿಗೆ ಹದಿನೈದು ಪಟ್ಟಿಯ ಚಪ್ಪಟೆ ಕೊಂಡಿ ಬೇಕು. ನಡುವೆ ಅಡಾಪ್ಟರ್ ಹಾಕುತ್ತಾರೆ. ಅಗ್ಗದ ಅಡಾಪ್ಟರಿನಲ್ಲಿ ಒಂದು ಕಡ್ಡಿ ಹಿಂದೆ ಸರಿದರೂ ಮುಗಿಯಿತು. ನಮ್ಮ ಊರಿನ ಉಪ್ಪುಗಾಳಿಗೆ ಲೋಹದ ತುದಿಗಳು ಹಸಿರುಗಟ್ಟುವುದೂ ಉಂಟು. ನಮ್ಮ ಯಂತ್ರದ ಯುಎಸ್‌ಬಿ ಕಿಂಡಿಗಳು ಹಾಗೆಯೇ ತುಕ್ಕು ಹಿಡಿದು ಸತ್ತಿದ್ದವು. ಇಲ್ಲದಿದ್ದರೆ ಒಂದು ಪೆನ್‌ಡ್ರೈವಿನಿಂದ ಅರ್ಧ ಚಿಂತೆ ಕಳೆಯುತ್ತಿತ್ತು.

ನಮ್ಮ ಹೊಸ ಡಿಸ್ಕು ತಿರುಗುತ್ತಿತ್ತು. ಅಂದರೆ ವಿದ್ಯುತ್ತು ಮುಟ್ಟುತ್ತಿದೆ. ಮಾಹಿತಿ ಸಾಗಿಸುವ ತೆಳುವಾದ ಕೇಬಲ್ ಬದಲಿಸಿ ನೋಡಿದಳು, ಫಲವಿಲ್ಲ. ಆಗ ಯಂತ್ರವನ್ನು ಎಬ್ಬಿಸುತ್ತಲೇ ಡಿಲೀಟ್ ಕೀಲಿಯನ್ನು ಒತ್ತೊತ್ತಿ ಬಯೋಸ್ ಪರದೆಗೆ ಹೋದಳು. ಬಯೋಸ್ ಎಂಬುದು ಮದರ್‌ಬೋರ್ಡಿನ ಚಿಪ್ಪಿನಲ್ಲಿ ನೆಲಸಿರುವ ಸಣ್ಣ ತಂತ್ರಾಂಶ. ವಿಂಡೋಸಿಗಿಂತ ಮೊದಲೇ ಎಚ್ಚತ್ತು, ಯಾರು ಯಾರು ಬಂದಿದ್ದಾರೆಂದು ಎಣಿಸಿ, ಆಮೇಲೆ ಮನೆಯ ಕೀಲಿಯನ್ನು ವಿಂಡೋಸಿನ ಕೈಗೆ ಕೊಡುತ್ತದೆ. ಈ ಎಣಿಕೆಗೆ ಸಿಗದ ಡಿಸ್ಕನ್ನು ಮೈ ಕಂಪ್ಯೂಟರಿನಲ್ಲಿ ಹುಡುಕುವುದು ವ್ಯರ್ಥ.

ಅಲ್ಲಿ ದಿನಾಂಕ 2004ರ ಜನವರಿ ಒಂದೆಂದು ಇತ್ತು. ಹುಡುಗಿ ನಕ್ಕಳು. "ಅಜ್ಜ, ಇದರ ಬ್ಯಾಟ್ರಿ ಹೋಗಿ ಎಷ್ಟು ಕಾಲ ಆಯ್ತೋ!" ಮದರ್‌ಬೋರ್ಡಿನಲ್ಲಿ ರೂಪಾಯಿ ನಾಣ್ಯದಂತಹ ಮೂರು ವೋಲ್ಟಿನ ಬಟನ್ ಸೆಲ್ ಒಂದಿರುತ್ತದೆ, ಸಿಆರ್ 2032 ಎಂದು ಅದರ ಹೆಸರು. ವಿದ್ಯುತ್ತು ಹೋದಾಗ ಗಡಿಯಾರವನ್ನೂ ಬಯೋಸಿನ ಆಯ್ಕೆಗಳನ್ನೂ ಕಾಯುವುದು ಅದೇ. ಅದು ಬರಿದಾದರೆ ಯಂತ್ರ ಕಾರ್ಖಾನೆಯಲ್ಲಿ ಹೊಂದಿಸಿ ಕಳುಹಿಸಿದ ಸ್ಥಿತಿಗೆ ಮರಳುತ್ತದೆ. ಸಾಟಾ ಪದ್ಧತಿ ಮಾರುಕಟ್ಟೆಗೆ ಬಂದುದು 2003ರ ಸುಮಾರಿಗೆ. ನಮ್ಮ ಯಂತ್ರದ ಕಾಲಕ್ಕೆ ಹೆಚ್ಚಿನವರು ಅಗಲವಾದ ಪಟ್ಟಿ ಕೇಬಲಿನ ಐಡಿಇ ಡಿಸ್ಕುಗಳನ್ನೇ ಬಳಸುತ್ತಿದ್ದರು. ನಮ್ಮದರಲ್ಲಿ ಸಾಟಾ ಕಿಂಡಿಗಳನ್ನು ಮುಚ್ಚಿಯೇ ಕಳುಹಿಸಿದ್ದರು. ಅದನ್ನು ತೆರೆದು, ಐಡಿಇ ರೀತಿಯಲ್ಲಿ ನಡೆಯುವಂತೆ ಆರಿಸಿ, ಹೊಸ ಸೆಲ್ ಹಾಕಿದಳು. ಮುಂದಿನ ಸಲ ಪರದೆಯ ಮೇಲೆ ಹೊಸ ಡಿಸ್ಕಿನ ಹೆಸರು ಮೂಡಿತು. ಮದರ್‌ಬೋರ್ಡಿಗೆ ಅದು ಹಿಡಿಸದೆ ಇದ್ದುದಲ್ಲ, ಬಾಗಿಲು ಹಾಕಿತ್ತು.

ಎಲ್ಲರ ಮನೆಯಲ್ಲೂ ಕಾರಣ ಇದೇ ಆಗಿರುವುದಿಲ್ಲ. ಎರಡು ಐಡಿಇ ಡಿಸ್ಕುಗಳು ಒಂದೇ ಕೇಬಲಿನಲ್ಲಿದ್ದರೆ ಹಿಂಬದಿಯ ಸಣ್ಣ ಜಂಪರುಗಳನ್ನು ನೋಡಬೇಕು. ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು. ಎರಡೂ ಮಾಸ್ಟರ್ ಆದರೆ ಕೆಲವೊಮ್ಮೆ ಎರಡೂ ಕಾಣುವುದಿಲ್ಲ. ಒಡೆಯ, ಆಳು ಎಂಬ ಈ ಹೆಸರುಗಳು ನಮಗೆ ರುಚಿಸವು. ಆ ಪದ್ಧತಿಯ ಮಾನಕ ಗ್ರಂಥಗಳಲ್ಲಿ ಸೊನ್ನೆಯ ಸಾಧನ, ಒಂದರ ಸಾಧನ ಎಂದೇ ಇದೆಯಂತೆ. ಹಳೆಯ ಸಾಟಾ ಚಿಪ್ಪುಗಳಲ್ಲಿ ಕೆಲವು, ವೇಗದ ಹೊಸ ಡಿಸ್ಕಿನೊಡನೆ ಮಾತು ಕೂಡಿಸಲಾರದೆ ಸೋಲುತ್ತವೆ. ಹಲವು ಡಿಸ್ಕುಗಳ ಹಿಂಬದಿಯಲ್ಲಿ ವೇಗವನ್ನು ತಗ್ಗಿಸಲೆಂದೇ ಜಂಪರಿನ ಕಡ್ಡಿಗಳಿರುತ್ತವೆ.

ಗಾತ್ರದ ಎಲ್ಲೆಗಳೂ ಉಂಟು. ಹಿಂದಿನ ಐಡಿಇ ಪದ್ಧತಿ ಡಿಸ್ಕಿನ ಮನೆಗಳಿಗೆ ಅಂಕೆ ಹಾಕಲು 28 ದ್ವಿಮಾನ ಸ್ಥಾನಗಳನ್ನಷ್ಟೇ ಇಟ್ಟಿತ್ತು. ಒಂದು ಮನೆಯಲ್ಲಿ 512 ಬೈಟು. ಗುಣಿಸಿದರೆ 137 ಜಿ.ಬಿ.ಗೆ ಲೆಕ್ಕ ನಿಲ್ಲುತ್ತದೆ. ಅದರಾಚೆಯದು ಇದ್ದೂ ಇಲ್ಲದಂತೆ. 2002ರ ಸುಮಾರಿಗೆ ಅದನ್ನು 48 ಸ್ಥಾನಗಳಿಗೆ ಏರಿಸಿದರು. ವಿಂಡೋಸ್ ಎಕ್ಸ್‌ಪಿ ಅದೇ ವರ್ಷದ ಮೊದಲ ಸರ್ವಿಸ್ ಪ್ಯಾಕಿನಿಂದ ಈ ದೊಡ್ಡ ಅಂಕೆಗಳನ್ನು ಕಲಿಯಿತು. ಹಳೆಯ ಯಂತ್ರಕ್ಕೆ ದೊಡ್ಡದೇ ಇರಲಿ ಎಂದು 4 ಟಿ.ಬಿ. ಡಿಸ್ಕು ತಂದರೂ ತೊಂದರೆಯೇ. ಹಳೆಯ ವಿಭಜನಾ ಪಟ್ಟಿ ಸುಮಾರು 2 ಟಿ.ಬಿ.ಗಿಂತ ಮುಂದೆ ಎಣಿಸದು.

ಇನ್ನು ವಿಂಡೋಸಿನ ಸರದಿ. ಹಳೆಯ ಡಿಸ್ಕನ್ನೂ ಮರಳಿ ಜೋಡಿಸಿ ಎಬ್ಬಿಸಿದೆವು. ಬಯೋಸಿಗೆ ಕಂಡ ಹೊಸ ಡಿಸ್ಕು ಮೈ ಕಂಪ್ಯೂಟರಿನಲ್ಲಿ ಇನ್ನೂ ಕಾಣದು. ಇದು ದೋಷವೇ ಅಲ್ಲ. ಗೆರೆ ಎಳೆಯದ ಹೊಲವನ್ನು ಪಹಣಿಯಲ್ಲಿ ಹುಡುಕಿದಂತೆ. ಮೈ ಕಂಪ್ಯೂಟರಿನ ಮೇಲೆ ಬಲಗುಂಡಿ ಒತ್ತಿ, ಮ್ಯಾನೇಜ್ ಎಂಬಲ್ಲಿ ಹೊಕ್ಕು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಸಾಲುಗಳು ಕಾಣುತ್ತವೆ. ಅಲ್ಲಿ ಇನಿಶಿಯಲೈಜ್ ಮಾಡಿ, ವಿಭಾಗ ರಚಿಸಿ, ಫಾರ್ಮ್ಯಾಟ್ ಮಾಡಬೇಕು.

ಇಲ್ಲಿಯೇ ನಮ್ಮಿಂದ ಪ್ರಮಾದ ಆಗುವುದರಲ್ಲಿತ್ತು. ಸೊನ್ನೆಯ ಡಿಸ್ಕು ಹಳೆಯದು, ಒಂದನೆಯದು ಹೊಸದು ಎಂದು ನಾವೇ ಊಹಿಸಿಕೊಂಡು, ಹುಡುಗಿ ನೀರು ಕುಡಿಯಲು ಒಳಗೆ ಹೋದಾಗ ಎರಡನೆಯ ಸಾಲಿನ ಮೇಲೆ ಬಲಗುಂಡಿ ಒತ್ತಿ ಫಾರ್ಮ್ಯಾಟ್ ಎಂಬಲ್ಲಿಗೆ ಬಾಣವನ್ನು ಒಯ್ದಿದ್ದೆವು. ಸಾಟಾ ತೆರೆದ ಮೇಲೆ ಕ್ರಮಾಂಕ ಅದಲುಬದಲಾಗಿತ್ತು. ನಾವು ಕೈಯಿಟ್ಟಿದ್ದುದು ಹಳೆಯ ಡಿಸ್ಕಿನ ಡಿ ವಿಭಾಗದ ಮೇಲೆ, ಸ್ವರವಚನಗಳಿದ್ದ ವಿಭಾಗದ ಮೇಲೆ. ಸಿ ವಿಭಾಗವನ್ನು ವಿಂಡೋಸ್ ತಾನೇ ಕಾಯುತ್ತದೆ, ಅಳಿಸಲು ಬಿಡುವುದಿಲ್ಲ. ಡಿ ವಿಭಾಗಕ್ಕೆ ಆ ರಕ್ಷೆಯಿಲ್ಲ. "ಅಜ್ಜ, ಕೈ ತೆಗೀರಿ!" ಎಂದು ಬಾಗಿಲಿನಿಂದಲೇ ಕೂಗಿದಳು. ಕ್ರಮಾಂಕ ನೋಡಬಾರದು, ಗಾತ್ರ ನೋಡಬೇಕು ಎಂದು ತೋರಿಸಿದಳು. ಒಂದರ ಎದುರು 37 ಜಿ.ಬಿ. ಚಿಲ್ಲರೆ, ಇನ್ನೊಂದರ ಎದುರು 465 ಜಿ.ಬಿ. ಚಿಲ್ಲರೆ ಇತ್ತು. (500 ಕೊಟ್ಟು 35 ನುಂಗಿದರೆಂದು ಅಂಗಡಿಯವರ ಮೇಲೆ ಇನ್ನೊಂದು ಸಂಶಯ ಹುಟ್ಟಿತ್ತು, ಅದು ತಪ್ಪು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.) ಆ ದಿನ ನಮ್ಮ ಬೆರಳು ನಡುಗಿದ್ದನ್ನು ಅವಳು ಕಂಡಳೋ ಇಲ್ಲವೋ ತಿಳಿಯದು. ಕಾಫಿ ಮಾಡಿಸುವ ನೆವದಿಂದ ನಾವು ಎದ್ದು ಹೋದೆವು.

ಡಿಸ್ಕನ್ನು ಬೇರೆಯವರ ಹೊಸ ಯಂತ್ರಕ್ಕೆ ಜೋಡಿಸಿ ನಕಲು ತೆಗೆದರೆ ಸಾಲದೆ ಎಂದು ತಿಳಿದವರು ಕೇಳಬಹುದು. ಕಡತ ಬರುತ್ತದೆ, ಅಕ್ಷರ ಬರುವುದಿಲ್ಲ. ನಾವು ಬಳಸಿದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟು. ಅದನ್ನು ನಡೆಸುವ ತಂತ್ರಾಂಶಕ್ಕೆ ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗವೊಂದು ಬೇಕು. ಆ ಕಿಂಡಿ ಇಂದಿನ ಯಂತ್ರಗಳಲ್ಲಿ ಕಾಣಸಿಗುವುದೇ ಅಪರೂಪ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ನಮ್ಮಂತಹವರ ಮೇಜಿಗೆ ಅದು ಬಂದುದು ತಡವಾಗಿ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾಯರು ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶ ರೂಪಿಸಿ ಉಚಿತವಾಗಿ ಹಂಚಿದ್ದರು. ಮುಂದೆ ರಾಜ್ಯ ಸರ್ಕಾರ ಒಪ್ಪಿದ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರ. ಕೀಲಿಮಣೆಯೇನೋ ಒಂದಾಯಿತು, ಒಳಗಿನ ಸಂಕೇತಗಳು ಒಂದೊಂದು ಫಾಂಟಿಗೆ ಒಂದೊಂದಾಗಿ ಉಳಿದವು. ಇದೇ ಊರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ತೆರೆಯಲು ಬೆರಳೊಂದು ಸಾಕು. ಇಪ್ಪತ್ತು ವರ್ಷದ ನಮ್ಮ ಕಡತಕ್ಕೆ ಡಿಸ್ಕು, ಕೇಬಲು, ಬಯೋಸ್, ವಿಂಡೋಸ್, ತಂತ್ರಾಂಶ, ಫಾಂಟು, ಬೀಗ ಎಲ್ಲವೂ ಕೂಡಿ ಬರಬೇಕು. ಆದುದರಿಂದ ಹಳೆಯ ಡಿಸ್ಕು ಇದ್ದಂತೆಯೇ ಹೊಸದಕ್ಕೆ ಪೂರ್ತಿ ಇಳಿಯಬೇಕಿತ್ತು. ಅದು ಸತ್ತರೂ ಅದೇ ಯಂತ್ರ ಹೊಸದರಿಂದ ಏಳುವಂತೆ.

ಮೊದಲು ಸ್ವರವಚನಗಳ ಕಡತಗಳನ್ನಷ್ಟೇ ಬೇರೆಯಾಗಿ ನಕಲು ಮಾಡಿದಳು. ಅನಂತರ ಇಡೀ ಡಿಸ್ಕಿನ ಪ್ರತಿ. ಹೊರಗೆ ಜಡಿಮಳೆ. ಕರೆಂಟು ಹೋದರೇನು ಗತಿಯೆಂದು ತನ್ನ ಮನೆಯ ಯುಪಿಎಸ್ ತಂದು ಇಟ್ಟಿದ್ದಳು. ಮೂರು ಗಂಟೆ ಹಿಡಿಯಿತು. ನಡುನಡುವೆ ಹಳೆಯ ಡಿಸ್ಕು ಕಟಕಟ ಎಂದು ನಿಂತಾಗಲೆಲ್ಲ ನಾವಿಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಮುಗಿದ ಮೇಲೆ ಹೊಸ ಡಿಸ್ಕಿನಿಂದಲೇ ಯಂತ್ರವನ್ನು ಎಬ್ಬಿಸಿ, ಗೆದ್ದಲು ತಿಂದ ಕಟ್ಟಿನ ಪಾಠವನ್ನು ತೆರೆದೆವು. ಅಕ್ಷರಗಳು ನೆಟ್ಟಗಿದ್ದವು. ಮೂರನೆಯ ಹಾಡಿನ ನಡುವೆ ಒಂದು ಸಾಲು ಅರ್ಧಕ್ಕೆ ನಿಂತು, ಮುಂದೆ ಕಂಸದೊಳಗೆ 'ಇಲ್ಲಿ ಗರಿ ಮುರಿದಿದೆ' ಎಂದಿತ್ತು. ಅಂದು ನಾವೇ ಬೆರಳಚ್ಚು ಮಾಡಿದ್ದ ಟಿಪ್ಪಣಿ.

ಹುಡುಗಿ ಅದನ್ನು ಓದಿ, "ಅಯ್ಯೋ, ಇದು ಯಾವ ಎರರ್ ಅಜ್ಜ?" ಎಂದಳು.