ಪೆಟ್ರೋಲಿನ ಸೀಸ, ಮಕ್ಕಳ ಮಿದುಳು

2000ನೇ ಇಸವಿಯ ಫೆಬ್ರುವರಿ 1ರಂದು ದೇಶದ ಪೆಟ್ರೋಲ್ ಬಂಕುಗಳಲ್ಲಿ ಸದ್ದಿಲ್ಲದೆ ಒಂದು ಬದಲಾವಣೆ ಆಯಿತು. ಅಂದಿನಿಂದ ಭಾರತದಲ್ಲೆಲ್ಲ ಸೀಸರಹಿತ ಪೆಟ್ರೋಲಿನ ಮಾರಾಟ ಕಡ್ಡಾಯವಾಯಿತು. ಸ್ಕೂಟರ್ ಸವಾರರಿಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ. ಆದರೆ ರಸ್ತೆಬದಿಯಲ್ಲಿ ಆಡಿ ಬೆಳೆಯುವ ಮಕ್ಕಳ ಮಟ್ಟಿಗೆ ಅದು ಬಹು ದೊಡ್ಡ ದಿನ.

ಪೆಟ್ರೋಲಿಗೂ ಸೀಸಕ್ಕೂ ಎಲ್ಲಿಯ ನಂಟು? ಎಂಜಿನ್ನಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಸರಿಯಾದ ಗಳಿಗೆಯಲ್ಲಿ ಉರಿಯಬೇಕು. ಹೊತ್ತಿಗೆ ಮುಂಚೆ ಸಿಡಿದರೆ ಎಂಜಿನ್ ಟಕಟಕನೆ ಬಡಿದುಕೊಳ್ಳುತ್ತದೆ, ಶಕ್ತಿಯೂ ಕುಂದುತ್ತದೆ. 1921ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಜ್ಲಿ ಇದಕ್ಕೊಂದು ಅಗ್ಗದ ಮದ್ದು ಕಂಡುಹಿಡಿದ. ಅದೇ ಟೆಟ್ರಾಎಥೈಲ್ ಲೆಡ್ ಎಂಬ ಸೀಸದ ಸಂಯುಕ್ತ. ಮದ್ಯಸಾರ ಬೆರೆಸಿದರೂ ಈ ಬಡಿತ ತಗ್ಗುತ್ತದೆಂಬುದು ಆಗಲೇ ಗೊತ್ತಿತ್ತು. ಆದರೂ ಗೆದ್ದದ್ದು ಸೀಸವೇ. 1924ರಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಪ್ರಾಣಬಿಟ್ಟರು. ಎಚ್ಚರಿಕೆಯ ಗಂಟೆ ಬಾರಿಸಿತು. ಮಾರಾಟ ಕೆಲಕಾಲ ನಿಂತು, ಮತ್ತೆ ಶುರುವಾಯಿತು. ಕ್ರಮೇಣ ಜಗತ್ತಿಗೇ ಹಬ್ಬಿತು.

ಸೀಸ ಒಂದು ಮೂಲವಸ್ತು. ಅದು ಸುಟ್ಟು ಬೂದಿಯಾಗಿ ಇಲ್ಲವಾಗುವಂಥದ್ದಲ್ಲ. ವಾಹನದ ಹೊಗೆಯೊಂದಿಗೆ ಸೂಕ್ಷ್ಮ ಕಣಗಳಾಗಿ ಹೊರಬಿದ್ದು, ಒಂದಿಷ್ಟು ಉಸಿರಿನ ಮೂಲಕ ದೇಹಕ್ಕೆ ಸೇರುತ್ತದೆ. ಉಳಿದದ್ದು ರಸ್ತೆಯ ಮಣ್ಣಿನಲ್ಲಿ, ಮನೆಯ ಧೂಳಿನಲ್ಲಿ ಕೂರುತ್ತದೆ. ಅಂಬೆಗಾಲಿಡುವ ಕೂಸು ಅದೇ ಧೂಳಿನ ಕೈಯನ್ನು ಬಾಯಿಗಿಡುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ಕರುಳು ಹೀರುವುದು ಸುಮಾರು ಹತ್ತರಲ್ಲೊಂದು ಪಾಲು. ಚಿಕ್ಕ ಮಕ್ಕಳ ಕರುಳು ಹೆಚ್ಚುಕಡಿಮೆ ಅರ್ಧದಷ್ಟನ್ನು ಹೀರಿಬಿಡುತ್ತದೆ.

ಒಳಗೆ ಹೋದ ಸೀಸವನ್ನು ದೇಹ ಕ್ಯಾಲ್ಸಿಯಂ ಎಂದೇ ತಪ್ಪು ತಿಳಿಯುತ್ತದೆ. ಹಾಗಾಗಿ ಅದನ್ನು ಮೂಳೆ, ಹಲ್ಲುಗಳಲ್ಲಿ ಜೋಪಾನವಾಗಿ ಕೂಡಿಡುತ್ತದೆ. ಮೂಳೆ ಹೊಕ್ಕ ಸೀಸ ದಶಕಗಳ ಕಾಲ ಅಲ್ಲೇ ಇರಬಲ್ಲದು. ಬೆಳೆಯುತ್ತಿರುವ ಮಿದುಳಿನಲ್ಲಿ ನರಕೋಶಗಳ ಸಂದೇಶ ರವಾನೆಗೂ ಕ್ಯಾಲ್ಸಿಯಂ ಬೇಕು. ಅಲ್ಲಿಯೂ ಸೀಸ ನುಸುಳಿ ಕೆಲಸ ಕೆಡಿಸುತ್ತದೆ.

ಈ ವಿಷದ ಮೋಸ ಇರುವುದು ಇಲ್ಲಿ. ಅಲ್ಪ ಪ್ರಮಾಣದಲ್ಲಿದ್ದಾಗ ಜ್ವರ ಬರದು, ಕೆಮ್ಮು ಬರದು. ಮಗು ಪಾಠದಲ್ಲಿ ಸ್ವಲ್ಪ ಹಿಂದೆ ಬೀಳುತ್ತದೆ, ಚಿತ್ತ ಒಂದೆಡೆ ನಿಲ್ಲದು, ಬೇಗ ರೇಗುತ್ತದೆ. ಮನೆಯಲ್ಲಿ ‘ದಡ್ಡ’ ಎಂಬ ಬಿರುದು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಇದನ್ನು ಪತ್ತೆಹಚ್ಚಲು ಮಕ್ಕಳ ಉದುರಿದ ಹಾಲುಹಲ್ಲುಗಳನ್ನೇ ಸಂಗ್ರಹಿಸಿದ. ಹಲ್ಲಿನಲ್ಲಿ ಹೆಚ್ಚು ಸೀಸವಿದ್ದ ಮಕ್ಕಳು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಹಿಂದಿದ್ದರು. ತರಗತಿಯಲ್ಲಿ ಅವರ ಗಮನ ಬೇಗ ಚದುರುತ್ತದೆಂದು ಅವರ ಶಿಕ್ಷಕರೂ ಹೇಳಿದ್ದರು. 1979ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಅಮೆರಿಕದಲ್ಲಿ ಅಷ್ಟರಲ್ಲಾಗಲೇ ಪೆಟ್ರೋಲಿನ ಸೀಸ ತಗ್ಗತೊಡಗಿತ್ತು. ಕಾರಣ ಮಾತ್ರ ಬೇರೆ. ಹೊಗೆಯನ್ನು ಶುದ್ಧಗೊಳಿಸಲು ಕಾರುಗಳಿಗೆ ಅಳವಡಿಸುವ ಕೆಟಲಿಟಿಕ್ ಕನ್ವರ್ಟರಿನ ಪ್ಲಾಟಿನಂ ಲೇಪವನ್ನು ಸೀಸ ಹಾಳುಮಾಡುತ್ತಿತ್ತು. ಕಾರಿನ ಬಿಡಿಭಾಗದ ನೆಪದಲ್ಲಿ ಮಕ್ಕಳ ಮಿದುಳಿಗೂ ರಕ್ಷಣೆ ಸಿಕ್ಕಿತು! ಪೆಟ್ರೋಲಿನಲ್ಲಿ ಸೀಸ ಇಳಿದಂತೆಲ್ಲ ಜನರ ರಕ್ತದಲ್ಲೂ ಇಳಿಯಿತು.

ಭಾರತದಲ್ಲೂ ಆದದ್ದು ಹಾಗೆಯೇ. 1995ರ ಏಪ್ರಿಲ್‌ನಿಂದ ಕನ್ವರ್ಟರ್ ಇರುವ ಹೊಸ ಕಾರುಗಳಿಗಾಗಿ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸುಗಳಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಮುಂದೆ ಬೆಂಗಳೂರಿನದೇ ಆದ ಜಾರ್ಜ್ ಪ್ರತಿಷ್ಠಾನ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷೆ ನಡೆಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅದರಲ್ಲಿ ಕೈಜೋಡಿಸಿದ್ದರು. 100 ಮಿಲಿಲೀಟರ್ ರಕ್ತದಲ್ಲಿ 10 ಮೈಕ್ರೊಗ್ರಾಂ, ಅಂದರೆ ಗ್ರಾಮಿನ ಲಕ್ಷದಲ್ಲೊಂದು ಪಾಲು ಸೀಸ ಅಂದಿನ ಅಪಾಯದ ಗೆರೆ. ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಆ ಗೆರೆಯನ್ನು ದಾಟಿದ್ದರು. 1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೇ ನಡೆಯಿತು. ವರ್ಷ ತುಂಬುವ ಹೊತ್ತಿಗೆ ದೇಶದ ಪೆಟ್ರೋಲಿನಿಂದ ಸೀಸ ಹೊರಬಿತ್ತು. 2021ರಲ್ಲಿ ಅಲ್ಜೀರಿಯ ಕೂಡ ಅದನ್ನು ಕೈಬಿಟ್ಟಾಗ ಜಗತ್ತಿನ ಬಂಕುಗಳಲ್ಲಿ ಸೀಸದ ಕಾಲ ಮುಗಿಯಿತು. ಐವರು ಕಾರ್ಮಿಕರ ಸಾವಿನಿಂದ ಇಲ್ಲಿಗೆ 97 ವರ್ಷ!

ಹಾಗೆಂದು ಪಾಲಕರು ನಿಶ್ಚಿಂತರಾಗುವಂತಿಲ್ಲ. ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ 5 ಮೈಕ್ರೊಗ್ರಾಮಿಗಿಂತ ಹೆಚ್ಚಿದೆಯೆಂದು 2020ರಲ್ಲಿ ಯುನಿಸೆಫ್ ಅಂದಾಜು ಮಾಡಿತು. ಇಷ್ಟಿದ್ದರೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಳೆಯ ಬ್ಯಾಟರಿಗಳನ್ನು ಹಿತ್ತಲಲ್ಲಿ ಒಡೆದು ಸೀಸ ಕರಗಿಸುವ ಕುಲುಮೆಗಳ ಹೊಗೆ, ಕಿಟಕಿಬಾಗಿಲುಗಳ ಹಳೆಯ ಬಣ್ಣದ ಚಕ್ಕೆ, ಸುರ್ಮಾ, ಬಣ್ಣ ಬೆರೆಸಿದ ಅರಿಸಿನದ ಪುಡಿ, ಸೀಸ ಬೆರೆತ ಕಲಾಯಿ – ಇವೆಲ್ಲ ಇಂದಿನ ದಾರಿಗಳು.

ಉಪಾಯಗಳು ದುಬಾರಿಯಲ್ಲ. ಊಟಕ್ಕೆ ಮುಂಚೆ ಮಕ್ಕಳ ಕೈ ತೊಳೆಸುವುದು, ನೆಲವನ್ನು ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು, ಹಳೆಯ ಬಣ್ಣ ಕೆರೆಯುವಾಗ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡುವುದು. ಬ್ಯಾಟರಿ ಅಂಗಡಿಯಲ್ಲಿ ದುಡಿಯುವವರು ಮೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಅಂಶ ಸಾಕಷ್ಟಿರುವ ದೇಹ ಸೀಸವನ್ನು ಕಡಿಮೆ ಹೀರುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರು, ಹಾಲು ಇಲ್ಲಿಯೂ ಉಪಕಾರಿ.

ಇನ್ನೊಂದು ಮಾತು ಮೇಷ್ಟ್ರುಗಳಿಗೆ, ತಾಯ್ತಂದೆಯರಿಗೆ. ಓದಿನಲ್ಲಿ ಮಗು ಹಿಂದೆ ಬೀಳಲು ನೂರು ಕಾರಣಗಳಿರಬಹುದು. ಆದರೆ ಮನೆಯ ಆಸುಪಾಸಿನಲ್ಲಿ ಇಂಥ ಕುಲುಮೆಯೋ ಬ್ಯಾಟರಿ ಅಂಗಡಿಯೋ ಇದ್ದರೆ, ಬೈಯುವ ಮೊದಲು ಒಮ್ಮೆ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸುವುದು ಲೇಸು.