ವಾದ್ಯಕ್ಕೆ ಜನ್ಮಪತ್ರಿಕೆ ಕೇಳುವವರು

2008ರಲ್ಲಿ ಅಮೆರಿಕದಲ್ಲಿ ‘ಕಿನ್ಸ್‌ಮೆನ್’ ಎಂಬ ಜಾಝ್ ಆಲ್ಬಮ್ ಹೊರಬಂತು. ಕದ್ರಿ ಗೋಪಾಲನಾಥ್ ಮತ್ತು ರುದ್ರೇಶ್ ಮಹಾಂತಪ್ಪ ಅದರಲ್ಲಿ ಜೊತೆಯಾಗಿ ಸ್ಯಾಕ್ಸೊಫೋನ್ ನುಡಿಸಿದ್ದಾರೆ. ಹೆಸರಿನ ಅರ್ಥವೇ ‘ಬಂಧುಗಳು’. ಆದರೂ ಇಂಥ ಸಂಗೀತಕ್ಕೆ ‘ಪೂರ್ವ-ಪಶ್ಚಿಮಗಳ ಸಂಗಮ’ ಎಂದು ಷರಾ ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ನಮ್ಮ ತಕರಾರು ಈ ಷರಾದ ಬಗ್ಗೆಯೇ.

ಇಲ್ಲಿ ಪೂರ್ವ ಯಾವುದು, ಪಶ್ಚಿಮ ಯಾವುದು? ಸ್ಯಾಕ್ಸೊಫೋನ್ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ. ಬಂಟ್ವಾಳದ ನಾಗಸ್ವರ ವಾದಕರ ಮಗ ಗೋಪಾಲನಾಥ್ ಅದಕ್ಕೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಅದರಲ್ಲಿ ಗಮಕ ಹೊರಡಿಸಲು ಅವರು ವರ್ಷಗಟ್ಟಲೆ ಬೆವರು ಸುರಿಸಿದರು. ಮಹಾಂತಪ್ಪ ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದವರು. ಗಿಟಾರ್ ನುಡಿಸಿದ ರೆಜ್ ಅಬ್ಬಾಸಿ ಹುಟ್ಟಿದ್ದು ಕರಾಚಿಯಲ್ಲಿ. ಜಾಝ್ ಅಂತೂ ಗುಲಾಮಗಿರಿಯ ನೊಗ ಹೊತ್ತ ಕರಿಯರ ಮಕ್ಕಳು ಕಟ್ಟಿದ ಸಂಗೀತ. ಅದನ್ನು ಬರೀ ‘ಪಶ್ಚಿಮ’ ಎನ್ನುವುದೆಂದರೆ ಅವರ ದುಡಿಮೆಯನ್ನು ಬೇರೆಯವರ ಖಾತೆಗೆ ಜಮಾ ಮಾಡಿದಂತೆ.

ಪಿಟೀಲು ಕೂಡ ಯುರೋಪಿನಿಂದ ಬಂದದ್ದೇ. ಈ ಆಲ್ಬಮ್‌ನಲ್ಲಿ ಎ. ಕನ್ಯಾಕುಮಾರಿಯವರು ನುಡಿಸಿದ ಪಿಟೀಲನ್ನು ಇಂದು ಯಾರೂ ವಿದೇಶಿ ಎನ್ನುವುದಿಲ್ಲ. ಹಾಗಾದರೆ ಒಂದು ವಾದ್ಯ ‘ನಮ್ಮದು’ ಎನಿಸಿಕೊಳ್ಳಲು ಎಷ್ಟು ತಲೆಮಾರು ಬಾಗಿಲಲ್ಲಿ ಕಾಯಬೇಕು? ಆ ಬಾಗಿಲಿಗೆ ಕಾವಲುಗಾರರನ್ನು ನೇಮಿಸಿದವರು ಯಾರು?

2019ರ ಅಕ್ಟೋಬರ್‌ನಲ್ಲಿ ಗೋಪಾಲನಾಥ್ ತೀರಿಕೊಂಡಾಗ ನಾಡು ಅವರನ್ನು ನಮ್ಮವರೆಂದು ನೆನೆಯಿತು. ಸರಿಯೇ. ಆದರೆ ಆ ಹೆಮ್ಮೆ ಬೇಕೆನ್ನುವವರು ಶುದ್ಧತೆಯ ತಕ್ಕಡಿಯನ್ನು ಮೊದಲು ಕೆಳಗಿಡಲಿ. ವಾದ್ಯ ಸೇರುವುದು ಅದಕ್ಕೆ ಉಸಿರು ತುಂಬಿದವರಿಗೆ.