ರೂಟರ್‌ಗೆ ಪ್ರಯಾರಿಟಿ ಪಟ್ಟಿ ಬೇಕಾ? ಮೊದಲು ಕ್ಯೂ ಸರಿಮಾಡಿ

ಕಳೆದ ತಿಂಗಳು ತಂಗಿಯ ಆನ್‌ಲೈನ್ ಇಂಟರ್‌ವ್ಯೂ ನಡೀತಿತ್ತು. ಮೂರನೇ ಪ್ರಶ್ನೆಯ ಹೊತ್ತಿಗೆ ಅವಳ ದನಿ ತುಂಡುತುಂಡಾಗಿ ಹೋಗತೊಡಗಿತು. ನಾನು ಎಂದಿನಂತೆ ಇಂಟರ್ನೆಟ್ ಕಂಪನಿಯನ್ನು ಬೈದೆ. ಆಮೇಲೆ ನೋಡಿದರೆ ನನ್ನದೇ ಫೋನು, ಚಾರ್ಜಿಗೆ ಹಾಕಿದ್ದೇ ತಡ, ಊರ ಜಾತ್ರೆಯ ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಾ ಕೂತಿತ್ತು.

ಇದಕ್ಕೆ ಮಾರುಕಟ್ಟೆಯ ಮದ್ದು, ಟ್ರಾಫಿಕ್ ಪ್ರಯಾರಿಟಿ ಇರುವ ದುಬಾರಿ ರೂಟರ್. ಗೇಮ್ ಮೊದಲು, ವಿಡಿಯೊ ಕಾಲ್ ಆಮೇಲೆ, ಉಳಿದದ್ದು ಕೊನೆಗೆ ಅಂತ ಪಟ್ಟಿ ಮಾಡಬಹುದು. ನನ್ನ ಪ್ರಕಾರ ಹೆಚ್ಚಿನ ಮನೆಗಳಿಗೆ ಈ ಪಟ್ಟಿಯೇ ಬೇಕಿಲ್ಲ.

ಅಪ್‌ಲೋಡ್ ಲೈನ್ ಭರ್ತಿಯಾದಾಗ ಪ್ಯಾಕೆಟ್‌ಗಳು ರೂಟರ್‌ನ ಬಫರಿನಲ್ಲಿ ಸಾಲುಗಟ್ಟುತ್ತವೆ. ಬಫರ್ ಅತಿಯಾಗಿ ದೊಡ್ಡದಿದ್ದರೆ ಪುಟ್ಟ ಧ್ವನಿ ಪ್ಯಾಕೆಟ್ ಜಾತ್ರೆಯ ವಿಡಿಯೊದ ಹಿಂದೆ ಕಾಯಲೇಬೇಕು. ರೇಷನ್ ಅಂಗಡಿಯಲ್ಲಿ ಮುಂದಿನವನ ಕೈಲಿ ಇಪ್ಪತ್ತು ಕಾರ್ಡ್ ಇದ್ದ ಹಾಗೆ. ಇದರ ಹೆಸರು 'ಬಫರ್‌ಬ್ಲೋಟ್'.

ಪರಿಹಾರವೂ ಹಳೆಯದೇ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ವಿಧಾನವನ್ನು ಪ್ರಕಟಿಸಿದರು. ಅದರ ಮೇಲೆ ಕಟ್ಟಿದ 'ಎಫ್‌ಕ್ಯೂ-ಕೋಡೆಲ್' 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಹೊರಬಂತು. ಒಂದೊಂದು ಕನೆಕ್ಷನ್‌ಗೂ ಬೇರೆ ಸಾಲು, ಸರದಿ ಪ್ರಕಾರ ಅವಕಾಶ. ಸಾಲು ತುಂಬಾ ಹೊತ್ತು ನಿಂತರೆ ಕೆಲವು ಪ್ಯಾಕೆಟ್ ಬಿಟ್ಟು, ಕಳಿಸುವವರಿಗೆ 'ನಿಧಾನಿಸು' ಅಂತ ಸೂಚನೆ. ಲಿನಕ್ಸ್‌ನಲ್ಲಿ ಇದು ಉಚಿತ. ಲೈನ್ ಖಾಲಿಯಿದ್ದರೆ ಇದರಿಂದ ವ್ಯತ್ಯಾಸವೇನೂ ಆಗಲ್ಲ, ಒಳಕೋಣೆಯ ವೀಕ್ ವೈಫೈಯೂ ಸರಿಹೋಗಲ್ಲ, ನಿಜ. ಆದರೆ ತಂಗಿಯ ಇಂಟರ್‌ವ್ಯೂ ಉಳೀತಿತ್ತು.

ಸಮಸ್ಯೆ ಏನಂದ್ರೆ, ನಮ್ಮ ಮನೆಗೆ ಕಂಪನಿ ಕೊಟ್ಟ ಡಬ್ಬಿಯಲ್ಲಿ ಆ ಸೆಟ್ಟಿಂಗೇ ಇಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ, 'ದೊಡ್ಡ ಪ್ಲ್ಯಾನ್ ತಗೊಳ್ಳಿ ಸರ್' ಅಂದರು.

ಇಲ್ಲಿಂದ ಇದು ರಾಜಕೀಯದ ಪ್ರಶ್ನೆ. 2016ರ ಫೆಬ್ರವರಿ 8ರಂದು ಟ್ರಾಯ್, ಕಂಟೆಂಟ್ ನೋಡಿ ಡೇಟಾಗೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ಗೆ ಬಾಗಿಲು ಮುಚ್ಚಿತು. ಯಾವುದು ಮುಖ್ಯ ಅನ್ನೋದನ್ನು ಕಂಪನಿ ತೀರ್ಮಾನಿಸಬಾರದು ಅನ್ನೋದು ಆ ಹೋರಾಟದ ತಿರುಳು. ಹಾಗಾದರೆ ಮನೆಯೊಳಗೆ ತೀರ್ಮಾನಿಸೋದು ಯಾರು? ಪಾಸ್‌ವರ್ಡ್ ಇಟ್ಟುಕೊಂಡವರು. ಸಾಮಾನ್ಯವಾಗಿ ಅಪ್ಪ ಅಥವಾ ಮಗ. ಅವರು ಬರೆಯುವ ಪಟ್ಟಿಯಲ್ಲಿ ಗೇಮ್ ಮೊದಲಿಗೆ ಬರುತ್ತೆ, ಅಮ್ಮನ ಟೈಲರಿಂಗ್ ಕ್ಲಾಸ್ ಕೊನೆಗೆ. ಸರದಿಯ ಕ್ಯೂನಲ್ಲಿ ಅಮ್ಮ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಹಾಗಾಗಿ ಟ್ರಾಯ್ ಮುಂದೆ ಇಡಬೇಕಾದ ಬೇಡಿಕೆ ಎರಡು: ಕಂಪನಿ ಕೊಡುವ ಪ್ರತಿ ರೂಟರ್‌ನಲ್ಲೂ ನ್ಯಾಯವಾದ ಕ್ಯೂ ಆನ್ ಆಗಿಯೇ ಬರಲಿ. ಅದರ ಅಡ್ಮಿನ್ ಹಕ್ಕು ಬಿಲ್ ಕಟ್ಟುವ ಮನೆಯವರಿಗೆ ಸಿಗಲಿ.

ತಂಗಿಗೆ ಇನ್ನೊಂದು ಕಡೆಯಿಂದ ಇಂಟರ್‌ವ್ಯೂ ಕರೆ ಬಂದಿದೆ. ಅವತ್ತು ನನ್ನ ಫೋನ್ ಸ್ವಿಚ್ ಆಫ್. ಆದರೆ ಅವಳ ಕೆಲಸ ನನ್ನ ನೆನಪಿನ ಶಕ್ತಿ ಮೇಲೆ ನಿಂತಿರಬಾರದಲ್ವಾ?